ಒಂದು ನಯಾ ಪೈಸೆ, ಹತ್ತು ಪುಟ: ಪುಣೆಯ ‘ಸಕಾಳ್’ ಕೇಸು ನಮಗ್ಯಾಕೆ?

ಶಿರೂರಿಂದ ಮಾತಾಡ್ತಿದ್ದೀನಿ. ಹೊಸದಾಗಿ ಸೇರಿಕೊಂಡವರಿಗೆ ಪ್ರತಿ ಸಲ ಹೇಳಬೇಕಾಗುತ್ತೆ: ಇದು ಅಂಕೋಲಾ ಹತ್ತಿರದ ಶಿರೂರಲ್ಲ, ಬೈಂದೂರು ಕಡೆಯದ್ದೂ ಅಲ್ಲ, ಬಾಗಲಕೋಟೆಯದ್ದೂ ಅಲ್ಲ. ಪುಣೆಯಿಂದ ನಗರ ರಸ್ತೆ ಹಿಡಿದು ರಾಂಜಣಗಾವ್ ದಾಟಿ ಬಂದರೆ ಘೋಡ್ ನದಿ ದಡದಲ್ಲಿ ಸಿಗೋ ಶಿರೂರು. ಹಳಬರು ಊರನ್ನೇ ಘೋಡನದಿ ಅಂತ ಕರೀತಾರೆ.

ಕಳೆದ ಸಲ ನೆಟ್ ನ್ಯೂಟ್ರಾಲಿಟಿ ಬಗ್ಗೆ ಮಾತಾಡಿದ್ವಿ. ಆಗ ಮೂರು ಮಾತು ಪದೇ ಪದೇ ಬಂದವು: ಗ್ರಾಹಕರ ಹಕ್ಕು, ವಾಕ್ ಸ್ವಾತಂತ್ರ್ಯ, ನ್ಯಾಯವಾದ ಸ್ಪರ್ಧೆ. ನಾವೆಲ್ಲ ಈ ಮೂರನ್ನೂ ಒಂದೇ ಪಾರ್ಟಿಯವರು ಅಂದ್ಕೊಂಡಿರ್ತೀವಿ. ಒಂದಿದ್ದ ಕಡೆ ಇನ್ನೆರಡೂ ಇರುತ್ತೆ ಅನ್ನೋ ಥರ. ಆದರೆ ಈ ಮೂರೂ ಎದುರಾಬದುರಾ ನಿಂತ ಒಂದು ಕೇಸಿದೆ, ಅದೂ ನಾವಿರೋ ಇದೇ ಪುಣೆಯಿಂದ ಹೋದದ್ದು. ಸಕಾಳ್ ಪೇಪರ್ಸ್ ವರ್ಸಸ್ ಯೂನಿಯನ್ ಆಫ್ ಇಂಡಿಯಾ. ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 25 ಸೆಪ್ಟೆಂಬರ್ 1961. ಕಾನೂನು ಓದೋರಿಗೆಲ್ಲ ಗೊತ್ತಿರೋ ಕೇಸು. ನಮ್ಮಂಥ ಕೋಡ್ ಬರೆಯೋರಿಗೆ ಯಾರೂ ಹೇಳಲ್ಲ ಅಷ್ಟೇ.

ಸಕಾಳ್ ಮರಾಠಿ ದಿನಪತ್ರಿಕೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ನಾನಾಸಾಹೇಬ್ ಪರುಳೇಕರ್ ಅವರು 1 ಜನವರಿ 1932ರಂದು ಪುಣೆಯಲ್ಲಿ ಶುರು ಮಾಡಿದ್ದು. ಇವತ್ತಿಗೂ ಇಲ್ಲಿನ ಬಸ್ ಸ್ಟ್ಯಾಂಡಲ್ಲಿ ಬೆಳಗ್ಗೆ ಮೊದಲು ಕಾಣೋದು ಅದೇ. ಕೇಸು ನಡೆಯೋ ಹೊತ್ತಿಗೆ ಅದರ ಪ್ರಸಾರ ವಾರದ ದಿನಗಳಲ್ಲಿ 52,000 ಪ್ರತಿ, ಭಾನುವಾರ 56,000. ಎಲ್ಲೆಲ್ಲಿ ಅಂದ್ರೆ, ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲಿ ಅಂತ ತೀರ್ಪಿನಲ್ಲಿದೆ. ಇಲ್ಲಿ ಒಂದು ನಿಮಿಷ ನಿಲ್ಲಿ. 1961ರಲ್ಲಿ ನಮ್ಮ ರಾಜ್ಯದ ಅಧಿಕೃತ ಹೆಸರು ಮೈಸೂರು. ಕರ್ನಾಟಕ ಅಂತ ಆದದ್ದು 1973ರ ನವೆಂಬರ್ 1ಕ್ಕೆ. ಅದಕ್ಕೂ ಹನ್ನೆರಡು ವರ್ಷ ಮೊದಲೇ, ಒಂದು ಮರಾಠಿ ಪತ್ರಿಕೆಯ ಕೇಸಿನ ಕಾಗದದಲ್ಲಿ, ನಮ್ಮ ನಾಡು ಕರ್ನಾಟಕವೇ. ನನಗಂತೂ ಓದಿ ಖುಷಿಯಾಯ್ತು.

ಈಗ ವಿಷಯಕ್ಕೆ ಬರೋಣ. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಸರ್ಕಾರ ಮೊದಲ ಪ್ರೆಸ್ ಕಮಿಷನ್ ನೇಮಿಸಿತು. ನ್ಯಾಯಮೂರ್ತಿ ಜಿ.ಎಸ್. ರಾಜಾಧ್ಯಕ್ಷ ಅದರ ಅಧ್ಯಕ್ಷರು. 1954ರಲ್ಲಿ ವರದಿ ಬಂತು. ಕಮಿಷನ್‌ನ ಚಿಂತೆ ಅರ್ಥ ಆಗುವಂಥದ್ದೇ. ದೊಡ್ಡ ಊರಿನ ದೊಡ್ಡ ಪತ್ರಿಕೆಗೆ ಜಾಹೀರಾತು ಹೆಚ್ಚು, ದುಡ್ಡು ಹೆಚ್ಚು. ಅದೇ ಬೆಲೆಗೆ ಅದು ಜಾಸ್ತಿ ಪುಟ ಕೊಡಬಲ್ಲದು. ಜಿಲ್ಲೆಯ ಸಣ್ಣ ಪತ್ರಿಕೆಗೆ ಅದು ಸಾಧ್ಯವಿಲ್ಲ. ಓದುಗ ಸಹಜವಾಗಿ ದಪ್ಪ ಪತ್ರಿಕೆ ಕೊಳ್ತಾನೆ, ಸಣ್ಣದು ಮುಚ್ಚುತ್ತೆ. ಕೊನೆಗೆ ಉಳಿಯೋದು ನಾಲ್ಕು ಜನ ಶ್ರೀಮಂತರ ದನಿ. ಹಾಗಾಗಿ ಪುಟಕ್ಕೂ ಬೆಲೆಗೂ ಕಾನೂನಿನಿಂದಲೇ ಒಂದು ಗಂಟು ಹಾಕಿ ಅಂತ ಶಿಫಾರಸು. 1956ರಲ್ಲಿ ನ್ಯೂಸ್‌ಪೇಪರ್ (ಪ್ರೈಸ್ ಅಂಡ್ ಪೇಜ್) ಆಕ್ಟ್ ಬಂತು, 1960ರಲ್ಲಿ ಅದರಡಿ ಆದೇಶ ಹೊರಟಿತು. ಇಷ್ಟು ಪುಟ ಕೊಟ್ಟರೆ ಕನಿಷ್ಠ ಇಷ್ಟು ಬೆಲೆ ಇಡಬೇಕು. ಜಾಹೀರಾತಿಗೆ ಎಷ್ಟು ಜಾಗ ಅನ್ನೋದನ್ನೂ ನಿಯಂತ್ರಿಸೋ ಅಧಿಕಾರ ಆ ಕಾಯ್ದೆಯಲ್ಲಿತ್ತು.

ಸಕಾಳ್ ಲೆಕ್ಕ ನೋಡಿ. ವಾರದಲ್ಲಿ ಐದು ದಿನ ಆರು ಪುಟ, ಒಂದು ದಿನ ನಾಲ್ಕು ಪುಟ. ಒಟ್ಟು 34. ದಿನದ ಬೆಲೆ 7 ನಯಾ ಪೈಸೆ. ಆದೇಶದ ಪ್ರಕಾರ 34 ಪುಟ ಕೊಡಬೇಕಂದ್ರೆ ಬೆಲೆ 8 ಪೈಸೆ ಆಗಬೇಕು. ಇಲ್ಲ, 7 ಪೈಸೆಯೇ ಇರಲಿ ಅಂದ್ರೆ ಪುಟ 24ಕ್ಕೆ ಇಳೀಬೇಕು. ಅಂದ್ರೆ ಓದುಗನ ಕಡೆಯಿಂದ ನೋಡಿದರೆ ಒಂದೋ ಬೆಲೆ ಸುಮಾರು 14 ಪರ್ಸೆಂಟ್ ಏರಿಕೆ, ಇಲ್ಲಾ ಪುಟ 29 ಪರ್ಸೆಂಟ್ ಕಡಿತ. ಎರಡರಲ್ಲೂ ಹೋಗೋದು ಓದುಗಂದೇ.

ಇಲ್ಲಿ ಯಾರಿಗಾದರೂ ಒಂದು ಅನುಮಾನ ಬರಬೇಕು. ನನಗೂ ಬಂತು. ದಿನಕ್ಕೆ 52,000 ಪ್ರತಿ, ಪ್ರತಿಯೊಂದಕ್ಕೆ ಒಂದು ಪೈಸೆ ಹೆಚ್ಚು ಅಂದ್ರೆ ದಿನಕ್ಕೆ 520 ರೂಪಾಯಿ ಹೆಚ್ಚುವರಿ ಆದಾಯ. ಏಜೆಂಟ್ ಕಮಿಷನ್ ಕಳೆದರೂ 1960ರಲ್ಲಿ ಅದು ಸಣ್ಣ ಮೊತ್ತವಲ್ಲ. ಸರ್ಕಾರವೇ ಬೆಲೆ ಏರಿಸು ಅಂತಿದೆ, ಮಾಲೀಕ ಬೇಡ ಅಂತಿದ್ದಾನೆ! ಯಾಕೆ? ಯಾಕಂದ್ರೆ 52,000 ಅನ್ನೋ ಸಂಖ್ಯೆ ನಿಂತಿರೋದೇ 7 ಪೈಸೆ ಮೇಲೆ. ಬೆಲೆ ಏರಿದರೆ ಆ ಸಂಖ್ಯೆ ಇಳಿಯುತ್ತೆ, ಜಾಹೀರಾತಿನ ದರವೂ ಅದರ ಹಿಂದೆ ಇಳಿಯುತ್ತೆ. ಆ್ಯಪ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿವರ ನನಗೆ ಈ ಕೇಸಿನಲ್ಲಿ ಬಹಳ ಇಷ್ಟ. ಕೋರ್ಟಿಗೆ ಹೋದದ್ದು ಕಂಪನಿ ಮತ್ತು ಅದರ ಷೇರುದಾರರು ಮಾತ್ರ ಅಲ್ಲ. ಸಕಾಳ್ ಓದುತ್ತಿದ್ದ ಇಬ್ಬರು ಓದುಗರೂ ಬೇರೆ ಬೇರೆ ಅರ್ಜಿ ಹಾಕಿದ್ದರು. ವಾಕ್ ಸ್ವಾತಂತ್ರ್ಯ ಇರೋ ಆರ್ಟಿಕಲ್ 19 ನಾಗರಿಕರಿಗೆ ಮಾತ್ರ ಸಿಗೋ ಹಕ್ಕು. ಕಂಪನಿ ನಾಗರಿಕನಾ ಅನ್ನೋದು ಆಗಿನ್ನೂ ತೀರ್ಮಾನ ಆಗಿರಲಿಲ್ಲ. ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1963ರಲ್ಲಿ, ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಕೇಸಿನಲ್ಲಿ. ಹಾಗಾಗಿ ಮನುಷ್ಯರ ಹೆಸರಲ್ಲೂ ಅರ್ಜಿ ಇದ್ದದ್ದು ಜಾಣತನವೇ. ಆದರೆ ಅದಕ್ಕಿಂತ ದೊಡ್ಡದು, ಏಳು ಪೈಸೆ ಕೊಟ್ಟು ಪತ್ರಿಕೆ ಕೊಳ್ಳೋ ಮನುಷ್ಯ ನನ್ನ ಹಕ್ಕಿಗೂ ಧಕ್ಕೆ ಆಗಿದೆ ಅಂತ ಎದ್ದು ನಿಂತದ್ದು. ಗ್ರಾಹಕ ಸಂರಕ್ಷಣಾ ಕಾಯ್ದೆ ಬರೋದು 1986ರಲ್ಲಿ. ಇದೇ ಪುಣೆಯಲ್ಲಿ ಬಿಂದುಮಾಧವ ಜೋಶಿ ಗ್ರಾಹಕ ಪಂಚಾಯತ್ ಕಟ್ಟಿದ್ದು 1974ರಲ್ಲಿ. ಅದಕ್ಕೂ ಮೊದಲಿನ ಮಾತು ಇದು. ಆ ಓದುಗರಿಗೆ ‘ಗ್ರಾಹಕ’ ಅನ್ನೋ ಕಾನೂನಿನ ಪದವಿ ಇರಲಿಲ್ಲ, ನಾಗರಿಕ ಅನ್ನೋದಷ್ಟೇ ಇತ್ತು.

ಸರ್ಕಾರದ ವಾದ ಏನು? ಇದು ವ್ಯಾಪಾರದ ನಿಯಂತ್ರಣ, ಬರವಣಿಗೆ ಮೇಲೆ ಕೈ ಹಾಕಿಲ್ಲ. ಏನು ಬೇಕಾದರೂ ಬರೀರಿ, ಬೆಲೆ ಮಾತ್ರ ನಾವು ಹೇಳಿದ್ದು. ದೊಡ್ಡವರು ಸಣ್ಣವರನ್ನು ನುಂಗದಿರಲಿ ಅಂತ ಮಾಡಿದ್ದು, ಸಾರ್ವಜನಿಕ ಹಿತ.

ತೀರ್ಪು ಬರೆದವರು ನ್ಯಾಯಮೂರ್ತಿ ಜೆ.ಆರ್. ಮುಧೋಳ್ಕರ್. (ಹೆಸರು ಕೇಳಿದರೆ ನಮ್ಮ ಮುಧೋಳ ನೆನಪಾಗುತ್ತೆ, ಅದಿರಲಿ.) ಅವರ ತರ್ಕ ಸಂವಿಧಾನದ ರಚನೆಯನ್ನೇ ಹಿಡಿದು ಹೋಗುತ್ತೆ. ವ್ಯಾಪಾರ ಮಾಡೋ ಹಕ್ಕು 19(1)(ಜಿ). ಅದಕ್ಕೆ 19(6)ರಡಿ ಸಾರ್ವಜನಿಕ ಹಿತ ಅಂತ ಹೇಳಿ ಮಿತಿ ಹಾಕಬಹುದು. ಮಾತಿನ ಹಕ್ಕು 19(1)(ಎ). ಅದಕ್ಕೆ ಮಿತಿ ಹಾಕಲು 19(2)ರಲ್ಲಿ ಒಂದು ಪಟ್ಟಿ ಇದೆ: ರಾಷ್ಟ್ರದ ಭದ್ರತೆ, ವಿದೇಶಗಳ ಜೊತೆ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಆ ಪಟ್ಟಿಯಲ್ಲಿ ‘ಸಾರ್ವಜನಿಕ ಹಿತ’ ಇಲ್ಲ, ‘ನ್ಯಾಯವಾದ ಸ್ಪರ್ಧೆ’ಯೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ವೈಟ್‌ಲಿಸ್ಟ್. ಅದರಲ್ಲಿ ಇಲ್ಲದ ಕಾರಣ ಕೊಟ್ಟರೆ ರಿಕ್ವೆಸ್ಟ್ ರಿಜೆಕ್ಟ್. ಹಾಗಿದ್ರೆ ಪ್ರಶ್ನೆ ಒಂದೇ: ಪುಟ ಮತ್ತು ಬೆಲೆ ನಿಯಂತ್ರಿಸೋದು ವ್ಯಾಪಾರದ ನಿಯಂತ್ರಣವೋ, ಮಾತಿನ ನಿಯಂತ್ರಣವೋ? ಕೋರ್ಟು ಹೇಳಿದ್ದು, ಪ್ರಸಾರವೂ ಮಾತಿನದೇ ಭಾಗ. ಎಷ್ಟು ಹೇಳಬೇಕು, ಎಷ್ಟು ಜನರಿಗೆ ಮುಟ್ಟಿಸಬೇಕು ಅನ್ನೋದೂ ಆ ಹಕ್ಕಿನೊಳಗೇ ಬರುತ್ತೆ. ಈ ಕಾಯ್ದೆ ನೇರವಾಗಿ ಪ್ರಸಾರಕ್ಕೇ ಹೊಡೆಯುತ್ತೆ. ಒಬ್ಬರ ಮಾತಿಗೆ ಜಾಗ ಮಾಡಿಕೊಡಲು ಇನ್ನೊಬ್ಬರ ಮಾತನ್ನು ಕುಗ್ಗಿಸೋ ಅಧಿಕಾರ ಸರ್ಕಾರಕ್ಕಿಲ್ಲ. ಕಾಯ್ದೆಯೂ ಆದೇಶವೂ ಬಿದ್ದುಹೋದವು.

ನನ್ನ ಅಭಿಪ್ರಾಯ ಕೇಳಿದರೆ ತೀರ್ಪು ಸರಿ. ಪುಟ ಎಣಿಸೋ ಅಧಿಕಾರ ಒಮ್ಮೆ ಸರ್ಕಾರದ ಕೈಗೆ ಹೋದರೆ ಅದು ಸಣ್ಣ ಪತ್ರಿಕೆಯ ರಕ್ಷಣೆಗೇ ಬಳಕೆಯಾಗುತ್ತೆ ಅಂತ ನಂಬೋಕೆ ಯಾವ ಆಧಾರ? ಆದರೆ ಇಲ್ಲಿಗೇ ಚಪ್ಪಾಳೆ ತಟ್ಟಿ ಎದ್ದರೆ ಅರ್ಧ ಕತೆ ಬಿಟ್ಟಂತೆ. ಕಮಿಷನ್ ಹೆದರಿದ್ದು ಸುಳ್ಳು ಭಯ ಆಗಿರಲಿಲ್ಲ.

ಅದನ್ನು ಕನ್ನಡದಲ್ಲೇ ನೋಡಿದ್ದೀವಿ. 1999ರಲ್ಲಿ ವಿಜಯ ಸಂಕೇಶ್ವರರು ವಿಜಯ ಕರ್ನಾಟಕ ಶುರು ಮಾಡಿದಾಗ ಹೈಸ್ಕೂಲಲ್ಲೋ ಕಾಲೇಜಲ್ಲೋ ಇದ್ದವರಿಗೆ ನೆನಪಿರುತ್ತೆ. ಬೇರೆ ಪತ್ರಿಕೆಗಳಿಗಿಂತ ಕಡಿಮೆ ಬೆಲೆ, ಊರೂರಿಗೆ ಆವೃತ್ತಿ, ಬೆನ್ನಿಗೆ ವಿಆರ್‌ಎಲ್ ಸಾರಿಗೆಯ ಬಲ. ಕೆಲವೇ ವರ್ಷಗಳಲ್ಲಿ ಪ್ರಜಾವಾಣಿಯನ್ನು ಪ್ರಸಾರದಲ್ಲಿ ಹಿಂದೆ ಹಾಕಿತು. ಹೊಸ ಓದುಗರು ಬಂದದ್ದೂ ನಿಜ. ಪೇಪರ್ ಕೊಳ್ಳದ ಎಷ್ಟೋ ಮನೆಗೆ ಪೇಪರ್ ಬಂತು. 1961ರ ತೀರ್ಪು ಇಲ್ಲದಿದ್ದರೆ ಆ ಬೆಲೆ ಇಡೋಕೆ ಆಗ್ತಿತ್ತಾ, ಹೇಳಿ? ಆದರೆ 2006ರಲ್ಲಿ ಅದೇ ಪತ್ರಿಕೆಯನ್ನು ಟೈಮ್ಸ್ ಗುಂಪಿನ ಬೆನೆಟ್ ಕೋಲ್ಮನ್ ಕೊಂಡುಕೊಂಡಿತು. ಬೆಲೆ ಇಳಿಸಿ ಕಟ್ಟಿದ ಮನೆ ಕೊನೆಗೆ ಇನ್ನೂ ದೊಡ್ಡವರ ಕೈ ಸೇರಿತು. ಕಮಿಷನ್ 1954ರಲ್ಲಿ ಹೆದರಿದ್ದು ಇದಕ್ಕೇ ಅಲ್ವಾ? ಸಂಕೇಶ್ವರರು 2012ರಲ್ಲಿ ವಿಜಯವಾಣಿ ಅಂತ ಮತ್ತೆ ಬಂದರು, ಅದು ಬೇರೆ ಮಾತು. ಬಂಡವಾಳ ಇದ್ದವರು ಮತ್ತೆ ಬರಬಹುದು. ಜಿಲ್ಲೆಯ ಎಂಟು ಪುಟದ ಪತ್ರಿಕೆ ಒಮ್ಮೆ ಮುಚ್ಚಿದರೆ ಮುಚ್ಚಿತು.

ಈಗ ನೆಟ್ ನ್ಯೂಟ್ರಾಲಿಟಿಗೆ ವಾಪಸ್ ಬರ್ತೀನಿ. 2015ರಲ್ಲಿ ಟ್ರಾಯ್‌ಗೆ 10 ಲಕ್ಷಕ್ಕೂ ಹೆಚ್ಚು ಈಮೇಲ್ ಹೋದವು. ನಮ್ಮಲ್ಲಿ ಬಹಳಷ್ಟು ಜನ ಕಳಿಸಿದ್ದೀವಿ. ಏರ್‌ಟೆಲ್ ಜೀರೋ ಬೇಡ, ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಬೇಡ ಅಂದ್ವಿ. 8 ಫೆಬ್ರವರಿ 2016ಕ್ಕೆ ಟ್ರಾಯ್ ನಿಯಮ ತಂತು: ಯಾವ ವೆಬ್‌ಸೈಟ್, ಯಾವ ಆ್ಯಪ್ ಅನ್ನೋದರ ಮೇಲೆ ಡೇಟಾಕ್ಕೆ ಬೇರೆ ಬೇರೆ ದರ ಇಡೋ ಹಾಗಿಲ್ಲ. ತಪ್ಪಿದರೆ ದಿನಕ್ಕೆ 50,000 ರೂಪಾಯಿ ದಂಡ, ಗರಿಷ್ಠ 50 ಲಕ್ಷ. ಫೇಸ್‌ಬುಕ್‌ನವರ ಆಗಿನ ವಾದ ಸಕಾಳ್ ವಾದದ ಥರವೇ ಕೇಳಿಸುತ್ತೆ: ಬಡವನಿಗೆ ಕಡಿಮೆ ಬೆಲೆಗೆ, ಅಲ್ಲ ಪುಕ್ಕಟೆಯಾಗಿ ಕೊಡ್ತೀವಿ ಅಂದ್ರೆ ನೀವ್ಯಾಕೆ ಅಡ್ಡ ಬರ್ತೀರಿ? ನಾವು ಆಗ ಸರ್ಕಾರದ ಕಡೆ ನಿಂತು ಬೆಲೆ ನಿಯಂತ್ರಿಸಿ ಅಂದ್ವಿ. ಹಾಗಿದ್ರೆ ಸಕಾಳ್ ಓದುಗರ ಪಕ್ಕ ನಿಲ್ಲೋ ನೈತಿಕತೆ ನಮಗಿದೆಯಾ?

ಇದೆ ಅಂತ ನನ್ನ ವಾದ. ಸಕಾಳ್ ಬೆಲೆ ಇಳಿಸಿದ್ದು ತನ್ನ ಮಾತಿಗೆ. ಓದುಗ ಇನ್ನೊಂದು ಪತ್ರಿಕೆ ಕೊಳ್ಳೋಕೆ ಅದೇನೂ ಅಡ್ಡ ಬರ್ತಿರಲಿಲ್ಲ. ಡೇಟಾ ಕಂಪನಿ ಮಾಡಹೊರಟಿದ್ದು ಬೇರೆಯವರ ಮಾತಿಗೆ ಬೆಲೆ ಹಚ್ಚೋದು: ಈ ಸೈಟ್ ಪುಕ್ಕಟೆ, ಆ ಸೈಟ್‌ಗೆ ದುಡ್ಡು. ಅದು ಪತ್ರಿಕೆಯ ಬೆಲೆಯಲ್ಲ, ಪತ್ರಿಕೆ ಹೊತ್ತು ತರೋ ಬಸ್ಸಿನವನು ನನ್ನ ಸ್ನೇಹಿತನ ಕಟ್ಟು ಮಾತ್ರ ಪುಕ್ಕಟೆ ತರ್ತೀನಿ ಅಂದ ಹಾಗೆ. ದಾರಿ ಒಂದೇ ಇದ್ದು ಅದರ ಮೇಲೆ ಅವನೇ ಕೂತಿದ್ದಾಗ ನಿಯಮ ಬೇಕಾಗುತ್ತೆ.

ಆದರೆ ಈ ವ್ಯತ್ಯಾಸ ಎಲ್ಲ ಕಡೆಯೂ ಇಷ್ಟು ಸಲೀಸಾಗಿ ನಿಲ್ಲಲ್ಲ. ಸೆಪ್ಟೆಂಬರ್ 2016ರಲ್ಲಿ ಜಿಯೋ ಬಂತು. ಯಾವ ಸೈಟಿಗೂ ಭೇದ ಮಾಡಲಿಲ್ಲ, ಎಲ್ಲವನ್ನೂ ತಿಂಗಳುಗಟ್ಟಲೆ ಪುಕ್ಕಟೆ ಕೊಟ್ಟಿತು. ಟ್ರಾಯ್‌ನ ಆ ನಿಯಮಕ್ಕೆ ಅದರಲ್ಲಿ ಹಿಡಿಯೋಕೆ ಏನೂ ಇರಲಿಲ್ಲ. ಊರಲ್ಲಿರೋ ಅಪ್ಪ ಅಮ್ಮ ವಿಡಿಯೋ ಕಾಲ್ ಮಾಡೋಕೆ ಕಲಿತದ್ದು ಎಷ್ಟೋ ಮನೆಗಳಲ್ಲಿ ಅದರಿಂದಲೇ. ಆಮೇಲೆ ಒಂದೊಂದೇ ಟೆಲಿಕಾಂ ಕಂಪನಿ ಬಾಗಿಲು ಹಾಕಿತು, ಉಳಿದವರ ದರ ಏರಿತು. 1954ರ ಕಮಿಷನ್ ವರದಿಯನ್ನು ಧೂಳು ಕೊಡವಿ ಓದಬೇಕು ಅನ್ನಿಸೋದು ಅಂಥ ಹೊತ್ತಲ್ಲಿ. ಈಗಂತೂ ಟೆಲಿಕಾಂ ಕಂಪನಿಗಳೇ ‘ನ್ಯಾಯವಾದ ಪಾಲು’ ಅನ್ನೋ ಮಾತು ಹಿಡಿದುಕೊಂಡು, ವಿಡಿಯೋ ಕಂಪನಿಗಳು ನಮಗೆ ದುಡ್ಡು ಕೊಡಬೇಕು ಅಂತ ಕೇಳ್ತಿವೆ. ನಾವು ಇಲ್ಲಿ ಮಾತಾಡೋ ಈ ವಿಡಿಯೋ ಕೂಡ ಅದೇ ಪೈಪಲ್ಲಿ ಬರೋದು, ನೆನಪಿರಲಿ.

ಪುಟದ ಮಿತಿ 1961ಕ್ಕೇ ಮುಗೀಲಿಲ್ಲ. ನ್ಯೂಸ್‌ಪ್ರಿಂಟ್ ಕೊರತೆ ಅನ್ನೋ ಬಾಗಿಲಿಂದ ಹತ್ತು ಪುಟದ ಮಿತಿ ಮತ್ತೆ ಒಳಗೆ ಬಂತು, 1972ರಲ್ಲಿ ಬೆನೆಟ್ ಕೋಲ್ಮನ್ ಕೇಸಲ್ಲಿ ಅದೂ ಬಿತ್ತು. ಆದರೆ ಅದರಲ್ಲಿ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಒಬ್ಬರೇ ಭಿನ್ನ ತೀರ್ಪು ಬರೆದರು. ಮಾತಾಡೋನ ಹಕ್ಕಿನ ಜೊತೆ ಕೇಳೋನ ಹಕ್ಕನ್ನೂ ತೂಗಬೇಕು ಅನ್ನೋ ಕಡೆ ಅವರ ವಾದ ಹೋಗುತ್ತೆ. ನಾನು ಒಪ್ಪದಿದ್ದರೂ ನನಗೆ ನಿದ್ದೆ ಕೆಡಿಸಿದ ತೀರ್ಪು ಅದು. ಮುಂದಿನ ಮಾತು ಅದರ ಬಗ್ಗೆಯೇ. ಅಲ್ಲೀವರೆಗೆ ನಮಸ್ಕಾರ.