ಕಿಟ್ಟಿ ಮತ್ತು ಕಿಸ್ತು

ಈಸ್ಟ್ ಇಂಡಿಯಾ ಕುಂಪಣಿ ಸರ್ಕಾರದ ಮದರಾಸು ಪ್ರಾಂತ್ಯದಲ್ಲಿ ಕಿಸ್ತಿನ, ಅಂದರೆ ಕಂದಾಯದ ಕಂತಿನ, ಗಡುವು ಹತ್ತಿರವಾಯಿತೆಂದರೆ ಹಳ್ಳಿಯ ಚಾವಡಿಗಳ ಮುಂದೆ ಬೇರೆಯದೇ ಒಂದು ದರ್ಬಾರು ನೆರೆಯುತ್ತಿತ್ತು. ಕಂದಾಯ ತೀರಿಸಲಾರದವನನ್ನು ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಬಗ್ಗಿಸಿ ನಿಲ್ಲಿಸುವರು, ಬೆನ್ನ ಮೇಲೆ ಕಲ್ಲು ಹೇರುವರು, ಅನ್ನನೀರಿಗೆ ಬಿಡರು. ಕುತ್ತಿಗೆಗೂ ಕಾಲಿಗೂ ಹಗ್ಗ ಬಿಗಿದು ಆಳನ್ನು ಕುಗ್ಗಿಸಿ ಇಡುವುದಕ್ಕೆ ತಮಿಳು ಸೀಮೆಯಲ್ಲಿ ಅಣ್ಣಂದಾಳ್ ಎಂಬ ಹೆಸರಿತ್ತು. ಎರಡು ಕೋಲುಗಳ ನಡುವೆ ಬೆರಳು ಸಿಕ್ಕಿಸಿ ಅಮುಕುವುದಕ್ಕೆ ಕಿಟ್ಟಿ ಎಂದು. ಈ ಎರಡನೆಯ ಮಾತು ಕನ್ನಡದ ನಿಘಂಟಿನಲ್ಲೂ ಇದೆ. ಕಂಡರಿಯದ ವಸ್ತುವಿಗೆ ಯಾರೂ ಹೆಸರಿಡುವುದಿಲ್ಲ.

ಇದನ್ನೆಲ್ಲ ಕುಂಪಣಿಯವರು ಹಡಗಿನಲ್ಲಿ ಹೇರಿಕೊಂಡು ಬಂದದ್ದಲ್ಲ. ಹಿಂದಿನ ಅರಸರ, ಪಾಳೆಯಗಾರರ, ಇಜಾರದಾರರ ಕಾಲದಲ್ಲೂ ಇದ್ದದ್ದೇ. ನೇಟಿವರ ಹಳೆಯ ಚಾಳಿ ಎಂದು ಹೇಳಿ ದೊರೆಗಳು ಕೈ ತೊಳೆದುಕೊಳ್ಳಲು ಇದೇ ಸಾಕಾಯಿತು. ಆದರೆ ಚಾಳಿಗೂ ಮೇವು ಬೇಕು. ಆ ಮೇವು ಎಲ್ಲಿಂದ ಬಂತೆಂದು ನೋಡುವುದಕ್ಕೆ ನಮ್ಮ ಬಳ್ಳಾರಿಯ ಲೆಕ್ಕಪತ್ರಗಳೇ ಸಾಕು.

1800ರಲ್ಲಿ ನಿಜಾಮನು ಬಳ್ಳಾರಿ, ಅನಂತಪುರ, ಕಡಪೆಯ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟಾಗ ಅಲ್ಲಿಗೆ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಅದಕ್ಕೆ ಮೊದಲು ಕೆನರಾದಲ್ಲಿದ್ದವನು. ಹೊಲಹೊಲವನ್ನೂ ಅಳೆಯಿಸಿ, ರೈತನೊಬ್ಬೊಬ್ಬನ ಹೆಸರಿಗೇ ಕಂದಾಯ ಕಟ್ಟಿದನು. 1807ರಲ್ಲಿ ಊರಿಗೆ ಹೊರಡುವ ಹೊತ್ತಿಗೆ ಅವನೇ ಒಪ್ಪಿಸಿದ ಲೆಕ್ಕದಲ್ಲಿ ಸರ್ಕಾರದ ಪಾಲು ಹುಟ್ಟುವಳಿಯ ನೂರಕ್ಕೆ 45ರಷ್ಟಿತ್ತು. ಇದು ಹೊರಲಾಗದ ಭಾರ. ಖುಷ್ಕಿಯ ಒಣಭೂಮಿಗೂ ತರಿಯ ಗದ್ದೆಗೂ ನೂರಕ್ಕೆ 25, ಬಾಗಾಯತಿನ ತೋಟಕ್ಕೆ 33 ಇಳಿಸಿರಿ ಎಂದು ಬರೆದನು. ಮೇಲಿನವರು ಕಿವಿಗೊಡಲಿಲ್ಲ. ಅದೇ ಮನ್ರೋ ಗವರ್ನರಾಗಿ ಮರಳಿ ಬಂದು, 1820ರಲ್ಲಿ ಆ ಇಳಿತವನ್ನು ಕೊಡಿಸಬೇಕಾಯಿತು. ನಡುವೆ ಹದಿಮೂರು ವರ್ಷ ಹೆಚ್ಚೆಂದು ಬಲ್ಲವರೇ ಹೆಚ್ಚನ್ನು ವಸೂಲು ಮಾಡಿದರು.

ಇಳಿಸಿದ ಮೇಲಾದರೂ ರೈತ ಉಸಿರಾಡಿದನೇ ಎಂದರೆ, ಅದೂ ಬಹುಕಾಲ ಅಲ್ಲ. ಕಂದಾಯ ನಿಂತದ್ದು ನಗದು ರೂಪಾಯಿಯ ಮೇಲೆ. ಆ ರೂಪಾಯಿ ಹುಟ್ಟಬೇಕಾದದ್ದು ಧಾನ್ಯದಿಂದ. 1820ರ ದಶಕ ಕಳೆದ ಮೇಲೆ ಧಾನ್ಯದ ಧಾರಣೆ ಕುಸಿಯುತ್ತಲೇ ಹೋಗಿ, 1850ರ ಆಚೀಚೆಯವರೆಗೂ ಮೇಲೇಳಲಿಲ್ಲ. ಕಾಗದದ ಮೇಲಿನ ಕಂದಾಯ ಕದಲದೆ ಇತ್ತು. ಅದನ್ನು ತೀರಿಸಲು ರೈತ ಹಗೇವಿನಿಂದ ತೆಗೆಯಬೇಕಾದ ಜೋಳ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚಿತು. ಕಿಸ್ತಿಗೆ ಸಾಹುಕಾರನ ಬಾಗಿಲು ತಟ್ಟುವುದೇ ಗತಿ.

ಇದರ ಮೇಲೆ ಇನ್ನೊಂದು ವಿಷಬೀಜ. 1816ರ ಕಾಯಿದೆಗಳು ಕಲೆಕ್ಟರನನ್ನೇ ಮ್ಯಾಜಿಸ್ಟ್ರೇಟನನ್ನಾಗಿ ಮಾಡಿದವು, ತಹಶೀಲ್ದಾರನನ್ನೇ ತಾಲೂಕಿನ ಪೊಲೀಸು ಮುಖ್ಯಸ್ಥನನ್ನಾಗಿ. ವಸೂಲಿಗೆ ಬಂದವನೇ ಕಳ್ಳರನ್ನು ಹಿಡಿಯುವವನು. ಚಾವಡಿಯಲ್ಲಿ ಬೆರಳು ಮುರಿಸಿಕೊಂಡವನು ದೂರು ಕೊಡಬೇಕೆಂದರೆ ಮುರಿಸಿದವನ ಕಚೇರಿಗೇ ಹೋಗಬೇಕು. ತಹಶೀಲ್ದಾರನ ಹಣೆಬರಹವೂ ಖಜಾನೆಗೆ ತುಂಬಿದ ಹಣದ ಮೇಲೇ ನಿಂತಿತ್ತು. ಕೆಳಗಿನ ಜವಾನರಿಗೆ ಹೊಟ್ಟೆ ತುಂಬದ ಸಂಬಳ. ಹೀಗೆ ಮೇಲಿನಿಂದ ಕೆಳಗಿನವರೆಗೆ ಒತ್ತಿಕೊಂಡು ಬಂದ ಭಾರವೇ ಕಡೆಗೆ ಕಿಟ್ಟಿಯ ಎರಡು ಕೋಲುಗಳಾಗಿ ರೈತನ ಬೆರಳನ್ನು ಮುಟ್ಟಿತು.

ರೈತರು ಸುಮ್ಮನಿದ್ದರೆಂದಲ್ಲ. ಕೆನರಾದಲ್ಲಿ 1830–31ರಲ್ಲಿ ಕೂಟ ಕಟ್ಟಿಕೊಂಡು, ಕಂದಾಯ ಕೊಡೆವೆಂದು ಅರ್ಜಿಗಳನ್ನು ಬರೆದರು. ಮೈಸೂರು ಸಂಸ್ಥಾನದ ನಗರ ಸೀಮೆಯಲ್ಲಿ ಅದೇ ಹೊತ್ತಿಗೆ ಕೂಟ ದಂಗೆಯಾಯಿತು. ಆದರೆ ಆ ದನಿ ಸಮುದ್ರ ದಾಟಲಿಲ್ಲ.

ದಾಟಿಸಿದವರು ಮದರಾಸಿನ ಒಬ್ಬ ವ್ಯಾಪಾರಿ. ಗಾಜುಲ ಲಕ್ಷ್ಮೀನರಸು ಚೆಟ್ಟಿಯವರದು ನೀಲಿ ಮತ್ತು ಬಟ್ಟೆಯ ವ್ಯಾಪಾರದ ಮನೆ. 1844ರಲ್ಲಿ ‘ಕ್ರೆಸೆಂಟ್’ ಎಂಬ ಪತ್ರಿಕೆ ಹೊರಡಿಸಿದರು; 1852ರಲ್ಲಿ ಮದರಾಸು ನೇಟಿವ್ ಅಸೋಸಿಯೇಷನ್ ಕಟ್ಟಿದರು. ಆ ಸಂಘ ಪಾರ್ಲಿಮೆಂಟಿಗೆ ಕಳುಹಿಸಿದ ಮನವಿ ಬರಿಯ ಹೊಡೆತದ ಗೋಳಾಗಿರಲಿಲ್ಲ. ಕಂದಾಯದ ಭಾರ, ಉಪ್ಪಿನ ಏಕಸ್ವಾಮ್ಯ, ನ್ಯಾಯಾಲಯಗಳ ವಿಳಂಬ, ಶಾಲೆಗಳಿಲ್ಲದ ಹಳ್ಳಿಗಳು, ಎಲ್ಲವೂ ಒಂದೇ ಅರ್ಜಿಯಲ್ಲಿದ್ದವು. ಗಾಯವನ್ನಷ್ಟೇ ತೋರಿಸದೆ ಗಾಯವಾದ ಬಗೆಯನ್ನೂ ತೋರಿಸಿದ ಈ ಬುದ್ಧಿಗೆ ನಾನು ತಲೆಬಾಗುತ್ತೇನೆ. 1853ರಲ್ಲಿ ಪಾರ್ಲಿಮೆಂಟಿನ ಸದಸ್ಯ ಡ್ಯಾನ್ಬಿ ಸೀಮೋರ್ ಮದರಾಸಿಗೆ ಬಂದಾಗ, ಚೆಟ್ಟಿಯವರು ಅವನನ್ನು ಭೋಜನಕೂಟಗಳಲ್ಲಷ್ಟೇ ಕೂರಿಸಲಿಲ್ಲ. ಹಳ್ಳಿಗಳಿಗೆ ಕರೆದೊಯ್ದು ರೈತರ ಬಾಯಿಂದಲೇ ಕೇಳಿಸಿದರು.

1854ರ ಜುಲೈಯಲ್ಲಿ ಕಾಮನ್ಸ್ ಸಭೆಯಲ್ಲಿ ಈ ಚಿತ್ರಹಿಂಸೆಯ ಮಾತು ಎದ್ದಿತು. ಮೊದಲು ನಿರಾಕರಣೆ, ಆಮೇಲೆ ಮುಜುಗರ, ಕಡೆಗೆ ವಿಚಾರಣೆ. ಲಾರ್ಡ್ ಹ್ಯಾರಿಸ್ ಗವರ್ನರಾಗಿದ್ದ ಮದರಾಸು ಸರ್ಕಾರ ಮೂವರನ್ನು ನೇಮಿಸಿತು: ಇ. ಎಫ್. ಎಲಿಯಟ್, ಎಚ್. ಸ್ಟೋಕ್ಸ್, ಬ್ಯಾರಿಸ್ಟರ್ ಜಾನ್ ಬ್ರೂಸ್ ನಾರ್ಟನ್. ದೂರು ಹೇಳಲು ಮದರಾಸಿಗೆ ಬರಬೇಕು, ಕಾಲಾವಕಾಶವೂ ಅಲ್ಪ. ಆದರೂ ಜನ ನೂರಾರು ಮೈಲಿ ದಾಟಿ ಬಂದರು. ಖುದ್ದಾಗಿ ಬಂದು ಹೇಳಿಕೊಂಡವರು 519 ಮಂದಿ, ಬರೆದು ಕಳುಹಿಸಿದವು 1,440. ಒಟ್ಟು 1,959 ದೂರುಗಳು. ಬರಲು ದಾರಿಯ ಖರ್ಚಿಲ್ಲದವರು, ಬಂದರೆ ಊರಿಗೆ ಹಿಂದಿರುಗಬೇಕಲ್ಲ ಎಂದು ಹೆದರಿದವರು ಈ ಲೆಕ್ಕದೊಳಗೆ ಸೇರರು.

1855ರ ಏಪ್ರಿಲ್ 16ರ ವರದಿ ಚಿತ್ರಹಿಂಸೆ ನಡೆಯುತ್ತಿರುವುದು ನಿಜವೆಂದು ಒಪ್ಪಿತು. ಕಂದಾಯಕ್ಕೂ ನಡೆಯುತ್ತದೆ, ಪೊಲೀಸು ತನಿಖೆಗೂ ನಡೆಯುತ್ತದೆ ಎಂದಿತು. ಆದರೆ ತಪ್ಪನ್ನು ನೇಟಿವ್ ನೌಕರರ ತಲೆಗೆ ಕಟ್ಟಿ, ಯುರೋಪಿಯನ್ನರಿಗೆ ಇದರಲ್ಲಿ ಸಮ್ಮತಿಯಿರಲಿಲ್ಲವೆಂದು ಬಿಟ್ಟುಕೊಟ್ಟಿತು. ಜವಾನನ ಕೈ ಕಂಡಿತು, ಕಲೆಕ್ಟರನ ಹುಜೂರಿನ ತಗಾದೆ ಪತ್ರ ಕಾಣಲಿಲ್ಲ. ಎರಡು ವರ್ಷದ ಮೇಲೆ, ಉತ್ತರದಲ್ಲಿ ಸಿಪಾಯಿಗಳು ದಂಗೆಯೆದ್ದಿದ್ದಾಗ, ಲಂಡನ್ನಿನಲ್ಲಿ ಕೂತ ಕಾರ್ಲ್ ಮಾರ್ಕ್ಸ್ ಇದೇ ವರದಿಯನ್ನು ಬಿಡಿಸಿ ‘ನ್ಯೂಯಾರ್ಕ್ ಡೈಲಿ ಟ್ರಿಬ್ಯೂನ್’ ಪತ್ರಿಕೆಗೆ ಲೇಖನ ಬರೆದನು. ಸಾಮ್ರಾಜ್ಯದ ಸ್ವಂತ ಕಡತವೇ ಸಾಮ್ರಾಜ್ಯದ ವಿರುದ್ಧ ಸಾಕ್ಷಿಯಾಯಿತು.

ಫಲ ಬಾರದೆ ಹೋಗಲಿಲ್ಲ. 1859ರ ಕಾಯಿದೆ ಮದರಾಸಿನಲ್ಲಿ ಪೊಲೀಸನ್ನು ಕಂದಾಯ ಇಲಾಖೆಯಿಂದ ಬಿಡಿಸಿ ಬೇರೆ ಇಲಾಖೆಯಾಗಿ ನಿಲ್ಲಿಸಿತು. 1861ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ, ಆಮೇಲೆ 1872ರ ಸಾಕ್ಷ್ಯ ಅಧಿನಿಯಮ, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸದಂತೆ ತಡೆದವು. ಹೊಡೆದು ಹೊರಡಿಸಿದ ಮಾತಿಗೆ ಬೆಲೆಯೇ ಇಲ್ಲದಿದ್ದರೆ ಹೊಡೆಯುವುದರಿಂದೇನು ಲಾಭ, ಎಂಬ ವ್ಯಾಪಾರಿ ತರ್ಕ ಅದರ ಹಿಂದಿತ್ತು. ಕಂದಾಯದ ದರಕ್ಕೆ ಮಾತ್ರ ಇಷ್ಟು ಅವಸರ ಕಾಣಲಿಲ್ಲ. ಮತ್ತೆ ಅಳತೆ, ಮತ್ತೆ ಜಮೀನಿನ ವರ್ಗೀಕರಣ. ಆ ಕೆಲಸ ತಾಲೂಕಿನಿಂದ ತಾಲೂಕಿಗೆ ದಶಕಗಟ್ಟಲೆ ತೆವಳಿತು.

ಚೆಟ್ಟಿಯವರು 1863ರಲ್ಲಿ ಮದರಾಸಿನ ಶಾಸನ ಸಭೆಗೆ ನೇಮಕಗೊಂಡು, 1868ರಲ್ಲಿ ತೀರಿಕೊಂಡರು. ಆ ಹೊತ್ತಿಗೆ 1860ರ ದಂಡ ಸಂಹಿತೆ ಊರ ಕೋರ್ಟುಗಳನ್ನು ತಲುಪಿತ್ತು. ಅದರ 330ನೆಯ ಕಲಮಿನ ಕೆಳಗೆ ದೃಷ್ಟಾಂತಗಳಿದ್ದವು. ಅಪರಾಧ ಒಪ್ಪಿಸಲು ಹಿಂಸಿಸುವ ಪೊಲೀಸು ಅಧಿಕಾರಿ ಮೊದಲು ಬರುತ್ತಿದ್ದನು. ಅವನ ಹಿಂದೆಯೇ, ಕಂದಾಯದ ಬಾಕಿಗಾಗಿ ಒಬ್ಬನನ್ನು ಚಿತ್ರಹಿಂಸೆಗೆ ಗುರಿಮಾಡುವ ಕಂದಾಯ ಅಧಿಕಾರಿಯೂ ನಿಂತಿದ್ದನು.