ಬಿರುಗಾಳಿ ಮುನ್ನೆಚ್ಚರಿಕೆ (ಬ್ರಿಟನ್)
ಬಿರುಗಾಳಿಯನ್ನು ಮೊದಲೇ ಅಂದಾಜಿಸಿ ಬಂದರು, ಹಡಗುಗಳಿಗೆ ತಿಳಿಸುವ ವ್ಯವಸ್ಥೆ. ಇದಕ್ಕೆ ಚಾಲನೆ ಕೊಟ್ಟದ್ದು ಒಂದು ದುರಂತ: 1859ರ ಅಕ್ಟೋಬರ್ 26ರಂದು ‘ರಾಯಲ್ ಚಾರ್ಟರ್’ ಹಡಗು ವೇಲ್ಸಿನ ಆಂಗಲ್ಸೀ ದ್ವೀಪದ ಬಂಡೆಗಳಿಗೆ ಅಪ್ಪಳಿಸಿ ಒಡೆಯಿತು. ಸತ್ತವರು 400ಕ್ಕೂ ಹೆಚ್ಚು. ಹಲವರು ಆಸ್ಟ್ರೇಲಿಯದಿಂದ ಚಿನ್ನ ಹೊತ್ತು ಮರಳುತ್ತಿದ್ದವರು.

ಡಾರ್ವಿನ್ ಪಯಣಿಸಿದ್ದ ‘ಬೀಗಲ್’ ಹಡಗಿನ ಕಪ್ತಾನ ರಾಬರ್ಟ್ ಫಿಟ್ಜ್‌ರಾಯ್ ಆಗ ಹವಾಮಾನ ಇಲಾಖೆಯ ಮುಖ್ಯಸ್ಥ. ಕರಾವಳಿ ಠಾಣೆಗಳು ವಾಯುಭಾರದ ಅಂಕಿಗಳನ್ನು ತಂತಿಯಲ್ಲಿ ಕಳಿಸಿದರೆ, ಗಾಳಿಗಿಂತ ಮೊದಲೇ ಸುದ್ದಿ ಮುಟ್ಟಿಸಬಹುದೆಂಬುದು ಅವನ ಲೆಕ್ಕ. 1861ರ ಫೆಬ್ರವರಿಯಿಂದ ಎಚ್ಚರಿಕೆಗಳು ಹೊರಟವು. ಬಂದರಿನ ಕಂಬಗಳಿಗೆ ಶಂಕುಗಳು ಏರಿದವು. ತುದಿ ಮೇಲಿದ್ದರೆ ಬಡಗಣ ಬಿರುಗಾಳಿ, ಕೆಳಗಿದ್ದರೆ ತೆಂಕಣದ್ದು. ಓದು ಬಾರದ ಮೀನುಗಾರನಿಗೂ ತಿಳಿಯುವ ಸಂಕೇತ. ಫಿಟ್ಜ್‌ರಾಯ್‌ನ ನಿಜವಾದ ಜಾಣ್ಮೆ ಇಲ್ಲಿದೆ.

ಟೀಕೆಗಳೂ ಬಂದವು. 1865ರಲ್ಲಿ ಅವನು ತೀರಿಕೊಂಡ ಮರುವರ್ಷ ಎಚ್ಚರಿಕೆ ನಿಂತಿತು. 1867ರಲ್ಲಿ ಮತ್ತೆ ಶುರುವಾಯಿತು.