ಭೇದಿಯಾದಾಗ ಎಳನೀರು ಡ್ರಿಪ್‌ಗೆ ಸಮವೇ? ನೌಕಾಪಡೆಯ ವೈದ್ಯರು ಕಂಡುಕೊಂಡದ್ದು ಏನು?

‘ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ವೈದ್ಯರು ಎಳನೀರನ್ನೇ ರಕ್ತನಾಳಕ್ಕೆ ಹರಿಸಿ ಜೀವ ಉಳಿಸಿದರು. ಎಳನೀರು ಎಂದರೆ ದೇವರು ಕೊಟ್ಟ ಗ್ಲೂಕೋಸ್ ಬಾಟಲಿ. ವಾಂತಿ-ಭೇದಿಯಾದರೆ ಆಸ್ಪತ್ರೆಗೆ ಓಡಬೇಡಿ, ಎರಡು ಎಳನೀರು ಕುಡಿಯಿರಿ ಸಾಕು.’

ಬೇಸಿಗೆ ಬಂತೆಂದರೆ ಈ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಸುತ್ತಾಡುತ್ತವೆ. ತುಮಕೂರು ಜಿಲ್ಲೆಯವರಿಗೆ ಇದನ್ನು ನಂಬುವುದು ಸುಲಭ. ಗುಬ್ಬಿಯಲ್ಲಿ ತೋಟ ಇರುವವರ ಮನೆಯಲ್ಲಿ ಎಳನೀರಿಗೆ ಬರವಿಲ್ಲ. ಕುಣಿಗಲ್‌ನ ಹೆದ್ದಾರಿ ಬದಿಯಲ್ಲಿ, ತುಮಕೂರು ಪೇಟೆಯ ರಸ್ತೆಗಳಲ್ಲಿ ಎಳನೀರಿನ ರಾಶಿ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಕೈಗೆ ಸಿಗುವ ಒಳ್ಳೆಯ ವಸ್ತುವೇ ಔಷಧವೂ ಆದರೆ ಯಾರಿಗೆ ಬೇಡ?

ಸಂದೇಶದಲ್ಲಿ ಸ್ವಲ್ಪ ಸತ್ಯವಿದೆ, ಅದರ ಜೊತೆಗೆ ಅಪಾಯಕಾರಿ ಸಲಹೆಯೂ ಇದೆ. ಎರಡನ್ನೂ ಬಿಡಿಸಿ ನೋಡೋಣ.

ಎಳನೀರನ್ನು ಡ್ರಿಪ್ ಆಗಿ ಕೊಟ್ಟದ್ದು ನಿಜವೇ?

ನಿಜ, ಆದರೆ ಬೆರಳೆಣಿಕೆಯಷ್ಟು ಸಂದರ್ಭಗಳಲ್ಲಿ. 1942ರಲ್ಲಿ ಕ್ಯೂಬಾದ ವೈದ್ಯರು ಸೋಸಿದ ಎಳನೀರನ್ನು ಮಕ್ಕಳ ರಕ್ತನಾಳಕ್ಕೆ ಕೊಟ್ಟು, ಅದರ ವರದಿಯನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಯುದ್ಧಕಾಲದಲ್ಲಿ ಸಲೈನ್ ಸಿಗದ ಕಡೆ ಹೀಗೆ ಮಾಡಿದರೆಂಬ ಮಾತುಗಳೂ ವೈದ್ಯಕೀಯ ಬರಹಗಳಲ್ಲಿ ಬರುತ್ತವೆ. 2000ದಲ್ಲಿ ಸಾಲೊಮನ್ ದ್ವೀಪಗಳ ಒಂದು ದೂರದ ಆಸ್ಪತ್ರೆಯಿಂದಲೂ ಇಂಥ ವರದಿ ಬಂದಿತ್ತು.

ಇವೆಲ್ಲ ಬೇರೆ ದಾರಿ ಕಾಣದೆ ಮಾಡಿದ ತಾತ್ಕಾಲಿಕ ಉಪಾಯಗಳು. ಇವುಗಳಿಂದ ಎಳನೀರು ಸಲೈನ್‌ಗೆ ಸಮ ಎಂದು ಸಾಬೀತಾಗುವುದಿಲ್ಲ. ಸಲೈನ್ ಸಿಗುವ ಕಡೆ ಯಾವ ಆಸ್ಪತ್ರೆಯೂ ಎಳನೀರಿನ ಡ್ರಿಪ್ ಹಾಕುವುದಿಲ್ಲ.

ಅಳತೆ ಏನು ಹೇಳುತ್ತದೆ?

ವಾಂತಿ-ಭೇದಿಯಾದಾಗ ದೇಹದಿಂದ ನೀರಿನ ಜೊತೆ ಉಪ್ಪಿನಂಶವೂ ಹೋಗುತ್ತದೆ. ಹೆಚ್ಚಾಗಿ ಹೋಗುವುದು ಸೋಡಿಯಂ. ಅಡುಗೆ ಉಪ್ಪಿನಲ್ಲಿ ಇರುವುದೂ ಅದೇ. ಪ್ರತಿ ಲೀಟರ್‌ನಲ್ಲಿ ಎಷ್ಟಿದೆ ಎಂದು ಮಿಲಿಮೋಲ್ ಲೆಕ್ಕದಲ್ಲಿ ನೋಡೋಣ:

• ಆರೋಗ್ಯವಂತರ ರಕ್ತ: ಸೋಡಿಯಂ 135ರಿಂದ 145, ಪೊಟ್ಯಾಸಿಯಂ 3.5ರಿಂದ 5
• ಆಸ್ಪತ್ರೆಯ ನಾರ್ಮಲ್ ಸಲೈನ್: ಸೋಡಿಯಂ 154, ಪೊಟ್ಯಾಸಿಯಂ ಇಲ್ಲ
• ಓಆರ್‌ಎಸ್: ಸೋಡಿಯಂ 75, ಪೊಟ್ಯಾಸಿಯಂ 20
• ಎಳನೀರು: ಸೋಡಿಯಂ ಸಾಮಾನ್ಯವಾಗಿ 50ಕ್ಕಿಂತ ಕಡಿಮೆ, ಎಷ್ಟೋ ಸಲ 10ರ ಆಸುಪಾಸು, ಪೊಟ್ಯಾಸಿಯಂ ಹೆಚ್ಚಾಗಿ 40ಕ್ಕಿಂತ ಮೇಲೆ

ಅಂದರೆ ಎಳನೀರಿನ ಲೆಕ್ಕ ತಲೆಕೆಳಗು. ಭೇದಿಯಲ್ಲಿ ಹೆಚ್ಚು ಕಳೆದುಕೊಂಡ ಸೋಡಿಯಂ ಅದರಲ್ಲಿ ಕಡಿಮೆ, ಪೊಟ್ಯಾಸಿಯಂ ಹೆಚ್ಚು. ಕಾಯಿ ಎಷ್ಟು ಎಳೆಯದು, ಯಾವ ತಳಿ, ಯಾವ ಮಣ್ಣು ಎಂಬುದರ ಮೇಲೆ ಈ ಅಂಶಗಳು ಬದಲಾಗುತ್ತವೆ. ಹಾಗಾಗಿ ಒಂದು ಕಾಯಿಯಂತೆ ಇನ್ನೊಂದು ಇರುವುದಿಲ್ಲ.

ರಕ್ತದಲ್ಲಿ ಪೊಟ್ಯಾಸಿಯಂ ಏಕಾಏಕಿ ಏರಿದರೆ ಹೃದಯದ ಬಡಿತ ತಪ್ಪಬಹುದು. ಎಳನೀರನ್ನು ರಕ್ತನಾಳಕ್ಕೆ ಕೊಡುವುದು ಅಪಾಯ ಎನ್ನಲು ಇದು ಒಂದು ಕಾರಣ. ಮಚ್ಚಿನಿಂದ ಕೊಚ್ಚಿದ ಮೇಲೆ ಅದು ಸೋಂಕುರಹಿತವಾಗಿ ಉಳಿಯುವುದಿಲ್ಲ ಎಂಬುದು ಇನ್ನೊಂದು. ಕಿಡ್ನಿ ತೊಂದರೆ ಇರುವವರು, ಪೊಟ್ಯಾಸಿಯಂ ಹೆಚ್ಚಿಸುವ ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರು ಎಳನೀರನ್ನು ಕುಡಿಯುವಾಗಲೂ ವೈದ್ಯರನ್ನು ಕೇಳಬೇಕು.

ನೌಕಾಪಡೆಗೆ ಭೇದಿಯ ಚಿಂತೆ ಏಕೆ?

ಹಡಗಿನಲ್ಲಿ ನೂರಾರು ಜನ ಇಕ್ಕಟ್ಟಾದ ಜಾಗದಲ್ಲಿ ಇರುತ್ತಾರೆ. ಎಲ್ಲರಿಗೂ ಒಂದೇ ಅಡುಗೆಮನೆ, ಒಂದೇ ನೀರಿನ ಟ್ಯಾಂಕು. ಒಬ್ಬರಿಗೆ ಸೋಂಕು ತಗುಲಿದರೆ ಹಲವರಿಗೆ ಹರಡುವುದು ಸುಲಭ. ಹತ್ತಿರದ ಆಸ್ಪತ್ರೆ ದಿನಗಟ್ಟಲೆ ದೂರ ಇರಬಹುದು. ಹಾಗಾಗಿ ನೌಕಾಪಡೆಗಳ ವೈದ್ಯರು ಚಿಕಿತ್ಸೆಯ ಜೊತೆ ಸಂಶೋಧನೆಯನ್ನೂ ಮಾಡುತ್ತಾ ಬಂದಿದ್ದಾರೆ.

ಹಳೆಯ ಉದಾಹರಣೆ 1747ರದು. ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್, ವಸಡು ಕೊಳೆಯುವ ಸ್ಕರ್ವಿ ರೋಗ ಬಂದಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ 6 ಗುಂಪು ಮಾಡಿದರು. ಒಂದೊಂದು ಗುಂಪಿಗೆ ಒಂದೊಂದು ಮದ್ದು ಕೊಟ್ಟು ಹೋಲಿಸಿದರು. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. ಯಾರೋ ಹೇಳಿದರೆಂದು ನಂಬದೆ ಹೋಲಿಸಿ ನೋಡಿದ್ದೇ ಇದರ ಹೆಚ್ಚುಗಾರಿಕೆ.

ನಮ್ಮ ದೇಶದ ನೌಕಾಪಡೆಗೂ ತನ್ನದೇ ಆಸ್ಪತ್ರೆಗಳಿವೆ. ಮುಂಬೈಯ ‘ಅಶ್ವಿನಿ’ ಅವುಗಳಲ್ಲಿ ದೊಡ್ಡದು. ಆಳ ನೀರಿನಲ್ಲಿ ಮುಳುಗುವವರ, ಜಲಾಂತರ್ಗಾಮಿಗಳಲ್ಲಿ ಇರುವವರ ಆರೋಗ್ಯದ ಸಂಶೋಧನೆಗೆ ಮುಂಬೈಯಲ್ಲೇ ಪ್ರತ್ಯೇಕ ನೌಕಾ ವೈದ್ಯಕೀಯ ಸಂಸ್ಥೆಯೂ ಇದೆ. ಕರ್ನಾಟಕದಲ್ಲಿ ಕಾರವಾರದ ನೌಕಾನೆಲೆಯಲ್ಲಿ ‘ಐಎನ್‌ಎಚ್‌ಎಸ್ ಪತಂಜಲಿ’ ಇದೆ. 2020ರ ಏಪ್ರಿಲ್‌ನಲ್ಲಿ ಭಟ್ಕಳದ ಕೊರೊನಾ ರೋಗಿಗಳಿಗೆ ಅಲ್ಲಿ ಚಿಕಿತ್ಸೆ ಕೊಟ್ಟದ್ದು ಸುದ್ದಿಯಾಗಿತ್ತು. ಹೆಸರು ನೋಡಿ ಗೊಂದಲ ಬೇಡ, ಅಂಗಡಿಯಲ್ಲಿ ಸಿಗುವ ಬ್ರ್ಯಾಂಡ್‌ಗೂ ಈ ಆಸ್ಪತ್ರೆಗೂ ಸಂಬಂಧವಿಲ್ಲ.

ಓಆರ್‌ಎಸ್ ಹಿಂದೆ ಇರುವ ನೌಕಾ ವೈದ್ಯ

ಭೇದಿಯ ವಿಷಯದಲ್ಲಿ ನೆನೆಯಬೇಕಾದ ಹೆಸರು ಅಮೆರಿಕ ನೌಕಾಪಡೆಯ ವೈದ್ಯ ರಾಬರ್ಟ್ ಫಿಲಿಪ್ಸ್. ಎರಡನೇ ಮಹಾಯುದ್ಧದ ಸಮಯದಲ್ಲಿ ಅವರು ಮತ್ತು ಜೊತೆಗಾರರು ಒಂದು ಸರಳ ಪರೀಕ್ಷೆ ರೂಪಿಸಿದರು. ನೀಲಿ ಬಣ್ಣದ ಮೈಲುತುತ್ತದ ದ್ರಾವಣಕ್ಕೆ ರಕ್ತದ ಹನಿ ಬಿಟ್ಟು, ಅದು ಮುಳುಗುತ್ತದೋ ತೇಲುತ್ತದೋ ನೋಡುವುದು. ಅದರಿಂದ ರಕ್ತ ಎಷ್ಟು ಗಟ್ಟಿಯಾಗಿದೆ, ಅಂದರೆ ದೇಹ ಎಷ್ಟು ನೀರು ಕಳೆದುಕೊಂಡಿದೆ ಎಂದು ಅಂದಾಜು ಮಾಡಬಹುದಿತ್ತು. ರಕ್ತದಾನ ಶಿಬಿರಗಳಲ್ಲಿ ಬೆರಳು ಚುಚ್ಚಿ ನೀಲಿ ನೀರಿಗೆ ಹನಿ ಬಿಡುವುದನ್ನು ನೀವು ನೋಡಿರಬಹುದು. ಹಿಮೋಗ್ಲೋಬಿನ್ ಸಾಕಷ್ಟಿದೆಯೇ ಎಂದು ತಿಳಿಯಲು ಇದೇ ವಿಧಾನ ಇಂದಿಗೂ ಬಳಕೆಯಲ್ಲಿದೆ.

1947ರಲ್ಲಿ ಈಜಿಪ್ಟ್‌ನಲ್ಲಿ ಕಾಲರಾ ಹರಡಿದಾಗ ಫಿಲಿಪ್ಸ್ ಕೈರೋದಲ್ಲಿದ್ದ ನೌಕಾ ಸಂಶೋಧನಾ ಘಟಕದಲ್ಲಿದ್ದರು. ರೋಗಿ ಎಷ್ಟು ನೀರು, ಎಷ್ಟು ಉಪ್ಪು ಕಳೆದುಕೊಂಡಿದ್ದಾನೆ ಎಂದು ಅಳೆದು, ಅಷ್ಟನ್ನೇ ರಕ್ತನಾಳದ ಮೂಲಕ ಮರಳಿ ಕೊಡುವ ಕ್ರಮ ಅಲ್ಲಿ ಗಟ್ಟಿಯಾಯಿತು. ಆದರೆ ಸಾವಿರಾರು ಜನರಿಗೆ ಡ್ರಿಪ್ ಹಾಕಲು ಬಾಟಲಿ, ಸೂಜಿ, ನರ್ಸ್ ಎಲ್ಲಿಂದ ತರುವುದು?

1960ರ ದಶಕದ ಆರಂಭದಲ್ಲಿ ಅವರು ಇನ್ನೊಂದು ಸಂಗತಿ ಗಮನಿಸಿದರು. ಬರೀ ಉಪ್ಪುನೀರು ಕುಡಿಸಿದರೆ ಕಾಲರಾ ರೋಗಿಯ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಜೊತೆಗೆ ಗ್ಲೂಕೋಸ್ ಸೇರಿಸಿದರೆ ಹೀರಿಕೊಳ್ಳುತ್ತದೆ. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಒಂದೇ ಬಾಗಿಲಿನಿಂದ ಜೋಡಿಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ.

ಅಲ್ಲಿಗೆ ಎಲ್ಲವೂ ಸರಿಹೋಗಲಿಲ್ಲ. 1962ರಲ್ಲಿ ಮನಿಲಾದಲ್ಲಿ ನಡೆಸಿದ ಪ್ರಯೋಗದಲ್ಲಿ ದ್ರಾವಣ ತೀರಾ ಗಾಢವಾಗಿತ್ತು, ಕೆಲವು ರೋಗಿಗಳು ಮೃತಪಟ್ಟರು. ಸರಿಯಾದ ವಸ್ತುಗಳೇ ಆದರೂ ಪ್ರಮಾಣ ತಪ್ಪಿದರೆ ಎಷ್ಟು ಅಪಾಯ ಎಂಬುದು ಗೊತ್ತಾಯಿತು. ಫಿಲಿಪ್ಸ್ ಮುಂದೆ ಢಾಕಾದ ಕಾಲರಾ ಪ್ರಯೋಗಾಲಯದ ನಿರ್ದೇಶಕರಾದರು. ಅಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಯುವ ವೈದ್ಯರು ಪ್ರಮಾಣವನ್ನು ಸರಿಪಡಿಸಿ, 1968ರಲ್ಲಿ ಬಾಯಿಯ ಮೂಲಕ ಕೊಡುವ ದ್ರಾವಣ ಕೆಲಸ ಮಾಡುತ್ತದೆ ಎಂದು ತೋರಿಸಿದರು.

ಇದರಲ್ಲಿ ಭಾರತದ ಪಾಲೂ ದೊಡ್ಡದು. ಕೋಲ್ಕತ್ತದ ವೈದ್ಯ ಹೇಮೇಂದ್ರನಾಥ ಚಟರ್ಜಿ 1953ರಲ್ಲೇ ಕಾಲರಾಕ್ಕೆ ಉಪ್ಪು-ಗ್ಲೂಕೋಸ್ ನೀರು ಕುಡಿಸಿದ ವರದಿ ಪ್ರಕಟಿಸಿದ್ದರು. 1971ರಲ್ಲಿ ಬಾಂಗ್ಲಾ ವಿಮೋಚನಾ ಯುದ್ಧದಿಂದ ನಿರಾಶ್ರಿತರಾಗಿ ಬಂದವರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿಯತೊಡಗಿದವು. ಆಗ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬಿಸ್ ಈ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ 30ರ ಹತ್ತಿರ ಇದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗೆ ಇಳಿಯಿತು. 2022ರಲ್ಲಿ ನಿಧನರಾದ ಅವರಿಗೆ ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಣೆಯಾಯಿತು.

ಹಾಗಾಗಿ ‘ನೌಕಾಪಡೆಯ ವೈದ್ಯರ ಮದ್ದು’ ಎಂದು ಯಾವುದನ್ನಾದರೂ ಹಂಚಬೇಕಿದ್ದರೆ, ಅದು ಓಆರ್‌ಎಸ್ ಪೊಟ್ಟಣ.

ಹಾಗಾದರೆ ಎಳನೀರು ಕುಡಿಯಬಾರದೇ?

ಧಾರಾಳವಾಗಿ ಕುಡಿಯಬಹುದು. ಒಂದೆರಡು ಸಲ ಭೇದಿಯಾಗಿ, ನಿತ್ರಾಣ ಇಲ್ಲದಿದ್ದಾಗ ಮನೆಯಲ್ಲಿ ಕೊಡಬಹುದಾದ ಪಾನೀಯಗಳಲ್ಲಿ ಗಂಜಿ ತಿಳಿ, ಮಜ್ಜಿಗೆ, ಬೇಳೆಕಟ್ಟಿನ ಜೊತೆ ಎಳನೀರೂ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಅದಿದೆ. ತಂಪು ಪಾನೀಯ, ಸಕ್ಕರೆ ತುಂಬಿದ ಜ್ಯೂಸ್ ಮಾತ್ರ ಬೇಡ. ಅತಿ ಸಿಹಿಯಿಂದ ಭೇದಿ ಹೆಚ್ಚಾಗಬಹುದು.

ಆದರೆ ನೀರಿನಂತೆ ಪದೇ ಪದೇ ಭೇದಿಯಾಗುತ್ತಿದ್ದರೆ, ಬಾಯಿ ಒಣಗುತ್ತಿದ್ದರೆ ಎಳನೀರನ್ನೇ ನಂಬಿ ಕೂರಬೇಡಿ. ಓಆರ್‌ಎಸ್ ಶುರುಮಾಡಿ. ಪುಟ್ಟ ಮಕ್ಕಳು ಮತ್ತು ವಯಸ್ಸಾದವರಲ್ಲಿ ಕೆಲವೇ ಗಂಟೆಗಳಲ್ಲಿ ಪರಿಸ್ಥಿತಿ ಕೈಮೀರಬಹುದು. 2024ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ವಾಂತಿ-ಭೇದಿ ಹರಡಿ ಜನ ಆಸ್ಪತ್ರೆ ಸೇರಿದ್ದು, ಸಾವುಗಳಾದದ್ದು ಇನ್ನೂ ನೆನಪಿನಲ್ಲಿದೆ. ಭೇದಿ ಹಳೆಯ ಕಾಲದ ರೋಗ ಅಲ್ಲ.

ಓಆರ್‌ಎಸ್ ಕೊಡುವುದು ಹೇಗೆ?

• ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿರುತ್ತದೆ. ದೊಡ್ಡ ಪೊಟ್ಟಣಕ್ಕೆ ಸಾಮಾನ್ಯವಾಗಿ 1 ಲೀಟರ್. ಕುದಿಸಿ ಆರಿಸಿದ ನೀರು ಒಳ್ಳೆಯದು. ಅರ್ಧ ಪೊಟ್ಟಣ, ಅಂದಾಜು ನೀರು ಬೇಡ.
• ಕಲಸಿದ್ದನ್ನು 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ.
• ಪ್ರತಿ ಸಲ ಭೇದಿಯಾದ ಮೇಲೆ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., 2ರಿಂದ 10 ವರ್ಷದವರಿಗೆ 100ರಿಂದ 200 ಮಿ.ಲೀ., ದೊಡ್ಡವರಿಗೆ ಕುಡಿಯುವಷ್ಟು.
• ವಾಂತಿಯಾದರೆ 10 ನಿಮಿಷ ಬಿಟ್ಟು, ಚಮಚದಲ್ಲಿ ನಿಧಾನವಾಗಿ ಕೊಡಿ.
• ಎದೆಹಾಲು, ಊಟ ನಿಲ್ಲಿಸಬೇಡಿ. ‘ಭೇದಿಯಾದಾಗ ಹೊಟ್ಟೆ ಖಾಲಿ ಬಿಡಬೇಕು’ ಎಂಬುದು ತಪ್ಪು.
• ಮಕ್ಕಳಿಗೆ ಜಿಂಕ್ ಮಾತ್ರೆಯನ್ನೂ 14 ದಿನ ಕೊಡಬೇಕು. ಪ್ರಮಾಣವನ್ನು ವಯಸ್ಸಿಗೆ ತಕ್ಕಂತೆ ಆರೋಗ್ಯ ಕಾರ್ಯಕರ್ತರು ಹೇಳುತ್ತಾರೆ.
• ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ತಲೆ ಸವರಿದ 6 ಟೀ ಚಮಚ ಸಕ್ಕರೆ, ತಲೆ ಸವರಿದ ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗದಂತೆ ನೋಡಿಕೊಳ್ಳಿ.

ಓಆರ್‌ಎಸ್ ಮತ್ತು ಜಿಂಕ್ ಎರಡೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು. ಮೆಡಿಕಲ್ ಶಾಪ್‌ನಲ್ಲಿ ಕೊಳ್ಳುವಾಗ, ಓಆರ್‌ಎಸ್ ಹೆಸರಿನಲ್ಲಿ ಮಾರುವ ಸಿಹಿ ಪಾನೀಯಗಳ ಬಗ್ಗೆ ಎಚ್ಚರ. ಇಂಥ ಪಾನೀಯಗಳ ಮೇಲೆ ‘ಓಆರ್‌ಎಸ್’ ಎಂದು ಬರೆಯಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರವೇ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಇದೆಯೇ ನೋಡಿ ತೆಗೆದುಕೊಳ್ಳಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ?

ಕಣ್ಣು ಗುಳಿ ಬಿದ್ದಿದ್ದರೆ, ಮಗು ಮಂಕಾಗಿದ್ದರೆ, ಕುಡಿಯಲು ಆಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಆರೇಳು ಗಂಟೆಯಿಂದ ಮೂತ್ರವೇ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜೋರು ಜ್ವರ ಇದ್ದರೆ ಮನೆಯಲ್ಲಿ ಕಾಯಬೇಡಿ. 108ಕ್ಕೆ ಕರೆ ಮಾಡಿ. ದಾರಿಯುದ್ದಕ್ಕೂ ಓಆರ್‌ಎಸ್ ಗುಟುಕು ಗುಟುಕಾಗಿ ಕೊಡುತ್ತಿರಿ. ಒಂದೇ ಊರಿನಲ್ಲಿ ಹಲವರಿಗೆ ಒಟ್ಟಿಗೆ ಭೇದಿ ಶುರುವಾದರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ನೀರನ್ನು ಕುದಿಸಿಯೇ ಕುಡಿಯಿರಿ.

ನಮ್ಮ ತೀರ್ಮಾನ

‘ಎಳನೀರು ಡ್ರಿಪ್‌ಗೆ ಸಮ, ಆಸ್ಪತ್ರೆ ಬೇಡ’ ಎಂಬುದು ತಪ್ಪು ಮಾಹಿತಿ. ತುರ್ತಿನಲ್ಲಿ ಕೆಲವೆಡೆ ಎಳನೀರನ್ನು ರಕ್ತನಾಳಕ್ಕೆ ಕೊಟ್ಟದ್ದು ನಿಜ, ಆದರೆ ಅದು ಚಿಕಿತ್ಸಾ ಕ್ರಮವಾಗಿ ಉಳಿಯಲಿಲ್ಲ. ನೌಕಾ ವೈದ್ಯರೂ ಸೇರಿದಂತೆ ಹಲವರು ವರ್ಷಗಟ್ಟಲೆ ಅಳೆದು, ತಿದ್ದಿ ಕಂಡುಕೊಂಡದ್ದು ಓಆರ್‌ಎಸ್. ಆ ಹಳೆಯ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ, ಅದರ ಕೆಳಗೆ ಓಆರ್‌ಎಸ್ ಕೊಡುವ ಕ್ರಮವನ್ನೂ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳನ್ನೂ ಹಾಕಿ.